ಕವಿಪ್ರಯೋಗವೂ ಬರವಣಿಗೆಯ ಶಿಕ್ಷಣವೂ

ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಅದರ ಪೀಠಿಕೆಯ ಪದ್ಯವೊಂದರಲ್ಲಿ ಹತ್ತು ಮಂದಿ ಕವಿಗಳನ್ನು ಹೆಸರಿಸಿ, ಅವರು ನಡೆದ ಒಳ್ಳೆಯ ದಾರಿಯೇ ತನ್ನ ಗ್ರಂಥಕ್ಕೆ ಲಕ್ಷ್ಯವೆಂದು ಸಾರಿದನು. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಇವರೇ ಆ ಹತ್ತು ಮಂದಿ. ವ್ಯಾಕರಣವೆಂದರೆ ನಿಯಮಗಳ ಕಟ್ಟು ಎಂದೇ ಇಂದಿನ ವಿದ್ಯಾರ್ಥಿ ತಿಳಿದಿರುತ್ತಾನೆ. ಕೇಶಿರಾಜನ ಭಾವನೆ ಬೇರೆಯಾಗಿತ್ತು. ಮೊದಲು ಕವಿಗಳ ಕೃತಿ. ಆ ಕೃತಿಯಿಂದ ಎತ್ತಿದುದು ಲಕ್ಷಣ. ಆ ಲಕ್ಷಣವನ್ನು ಕೈದೀವಿಗೆಯಾಗಿ ಹಿಡಿದು ವಿದ್ಯಾರ್ಥಿಯು ಮರಳಿ ಕೃತಿಗೆ ಹೋಗಬೇಕು, ಅಲ್ಲಿಂದ ತನ್ನ ಬರವಣಿಗೆಗೆ ಬರಬೇಕು. ಕನ್ನಡದಲ್ಲಿ ಬರೆಯಲು ಕಲಿಸುವ ಕಾರ್ಯವು ಅನೇಕ ಶತಮಾನಗಳ ಕಾಲ ಈ ಮಾರ್ಗದಲ್ಲಿಯೇ ನಡೆದುಬಂದಿತು. ಆ ಮಾರ್ಗ ಎಲ್ಲಿ ಹಸನಾಗಿತ್ತು, ಎಲ್ಲಿ ಕವಲೊಡೆದು ಹಾಳಾಯಿತು, ಯಾರ ಕೃತಿಗಳು ಅದರ ಹೊರಗೆ ಉಳಿದವು ಎಂಬುದು ಸಾಹಿತ್ಯಾಭ್ಯಾಸಿಗಳು ವಿಚಾರಮಾಡತಕ್ಕ ವಿಷಯವಾಗಿದೆ.

ಈ ಪರಂಪರೆಯ ಮೂಲವನ್ನು ಅರಸಿ ಹೊರಟರೆ ದೊರೆಯುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ರಾಷ್ಟ್ರಕೂಟ ಅರಸು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಈ ಕೃತಿಯು ದಂಡಿಯ ‘ಕಾವ್ಯಾದರ್ಶ’ವನ್ನು ಬಹಳ ಮಟ್ಟಿಗೆ ಅನುಸರಿಸಿದೆ. ಆದರೆ ದಂಡಿಗೆ ಇಲ್ಲದಿದ್ದ ಒಂದು ತೊಡಕು ಈ ಗ್ರಂಥಕಾರನಿಗಿತ್ತು. ಸಂಸ್ಕೃತಕ್ಕೆ ವ್ಯಾಕರಣದ ಕಟ್ಟು ಆಗಲೇ ಭದ್ರವಾಗಿತ್ತು. ಕನ್ನಡವೋ ಊರಿಗೊಂದು ಬಗೆಯಾಗಿ ಹರಡಿತ್ತು. ನಾಡಿನ ನುಡಿಗಳ ವೈವಿಧ್ಯವನ್ನೂ ಅವುಗಳ ದೋಷಗಳನ್ನೂ ಹೇಳಿ ಮುಗಿಸಬೇಕಾದರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತನ್ನು ಅವನು ಆಡಿದ್ದಾನೆ. ಅಂತಹ ಸ್ಥಿತಿಯಲ್ಲಿ ಯಾವುದು ಸರಿಯಾದ ಪ್ರಯೋಗವೆಂದು ವಿದ್ಯಾರ್ಥಿಗೆ ತೋರಿಸುವುದು ಹೇಗೆ? ಅವನು ಹಿಂದಿನವರ ಹೆಸರನ್ನು ಹಿಡಿದನು. ಗದ್ಯದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಓದಿ ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತವರು ಈ ನಾಡಿನ ಜನ ಎಂದು ಹೊಗಳಿದ ಗ್ರಂಥವೇ, ಕಲಿಯಬೇಕಾದವರ ಮುಂದೆ ಹತ್ತು ಲೇಖಕರನ್ನು ನಿಲ್ಲಿಸಿದ್ದು ಗಮನಾರ್ಹವಾಗಿದೆ. ಹುಟ್ಟುಪ್ರತಿಭೆಯ ಪ್ರಶಂಸೆಯೂ ಅಭ್ಯಾಸದ ಅಗತ್ಯವೂ ಅಲ್ಲಿ ಒಂದಕ್ಕೊಂದು ವಿರೋಧವಾಗಿ ಕಾಣಲಿಲ್ಲ.

ಕವಿರಾಜಮಾರ್ಗಕಾರನ ಬೋಧನಕ್ರಮದಲ್ಲಿ ಎರಡು ಅಂಶಗಳು ಇಂದಿಗೂ ಹೊಸತೆಂಬಂತಿವೆ. ಮೊದಲನೆಯದಾಗಿ, ಅವನು ದೋಷವನ್ನು ಹೇಳಿ ಸುಮ್ಮನಾಗುವುದಿಲ್ಲ. ದೋಷವಿರುವ ಪದ್ಯವೊಂದನ್ನು ಮುಂದಿಟ್ಟು, ಅದನ್ನೇ ತಿದ್ದಿ, ನಿರ್ದೋಷವಾದ ರೂಪದಲ್ಲಿ ಮತ್ತೆ ಕೊಡುವ ಕ್ರಮ ಅವನಲ್ಲಿದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಒಲ್ಲದ ಜೋಡಿಯಂತೆ ಸಮಾಸದಲ್ಲಿ ಕಟ್ಟಿಹಾಕಿದರೆ ಕಿವಿಗೆ ಏನಾಗುತ್ತದೆ, ಯತಿ ತಪ್ಪಿದರೆ ಪಾದ ಹೇಗೆ ಕುಂಟುತ್ತದೆ ಎಂಬುದನ್ನು ವಿದ್ಯಾರ್ಥಿ ಎರಡು ರೂಪಗಳನ್ನು ಒಟ್ಟಿಗೆ ಓದಿಯೇ ತಿಳಿಯುತ್ತಾನೆ. ಎರಡನೆಯದು ಇನ್ನೂ ಮುಖ್ಯವಾದುದು. ಪೂರ್ವಕವಿಗಳ ಕೃತಿಗಳಲ್ಲಿ ಪಳಗನ್ನಡದ ಮಾತುಗಳು ಸೊಗಸಾಗಿಯೇ ಇರುತ್ತವೆ. ಅವನ್ನು ಈಗಿನ ಕಾವ್ಯದೊಳಗೆ ತಂದು ತುರುಕಿದರೆ ಮುಪ್ಪಾದವಳೊಡನೆ ನಡೆಸುವ ಸರಸದಂತೆ ವಿರಸವಾಗುತ್ತದೆ ಎಂದು ಅವನು ಎಚ್ಚರಿಸುತ್ತಾನೆ. ಉಪಮಾನ ಇಂದಿನವರಿಗೆ ಒರಟೆನಿಸಬಹುದು; ತತ್ತ್ವ ಮಾತ್ರ ಸ್ಪಷ್ಟವಾಗಿದೆ. ಹಿಂದಿನವರನ್ನು ಓದಬೇಕಾದುದು ಅವರ ಮಾತನ್ನು ಕದ್ದು ತರುವುದಕ್ಕಲ್ಲ, ಮಾತನ್ನು ಅವರು ಬಳಸಿದ ಹದವನ್ನು ಅರಿಯುವುದಕ್ಕೆ. ಕನ್ನಡದ ಮೊದಲ ಲಕ್ಷಣಗ್ರಂಥದಲ್ಲಿಯೇ ಅನುಕರಣದ ಎಲ್ಲೆಯನ್ನು ಗುರುತಿಸಿರುವುದು ಸಾಮಾನ್ಯ ಸಂಗತಿಯಲ್ಲ.

ಹತ್ತನೆಯ ಶತಮಾನದ ಕೊನೆಗೆ ಬಂದ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಮತ್ತೊಂದು ಉಪಾಯವನ್ನು ಹಿಡಿದನು. ತನ್ನ ಮಡದಿಯನ್ನು ಸಂಬೋಧಿಸುತ್ತ ಅವನು ಛಂದಸ್ಸನ್ನು ಬೋಧಿಸುತ್ತಾನೆ. ಯಾವ ವೃತ್ತದ ಲಕ್ಷಣವನ್ನು ಹೇಳುತ್ತಾನೋ ಆ ಪದ್ಯ ಅದೇ ವೃತ್ತದಲ್ಲಿರುತ್ತದೆ. ಲಕ್ಷಣವೇ ಲಕ್ಷ್ಯವೂ ಆದುದರಿಂದ ವಿದ್ಯಾರ್ಥಿಯು ಬಾಯಿಪಾಠ ಮಾಡಿದೊಡನೆ ಮಾದರಿಯೂ ಅವನ ಕಿವಿಯಲ್ಲಿ ನಿಲ್ಲುತ್ತದೆ. ಚಾಳುಕ್ಯರ ಕಟಕೋಪಾಧ್ಯಾಯನೆಂದು ಹೆಸರಾದ ಎರಡನೆಯ ನಾಗವರ್ಮನು ‘ಕಾವ್ಯಾವಲೋಕನ’ದಲ್ಲಿ ವ್ಯಾಕರಣದಿಂದ ಹಿಡಿದು ಕವಿಸಮಯದವರೆಗೆ ಐದು ಅಧಿಕರಣಗಳನ್ನು ಹೊಂದಿಸಿ, ಹಿಂದಿನ ಕವಿಗಳ ಪದ್ಯಗಳನ್ನು ಉದಾಹರಣೆಗಳಾಗಿ ಧಾರಾಳವಾಗಿ ಬಳಸಿಕೊಂಡನು. ಶಬ್ದದ ಶುದ್ಧಿಯನ್ನು ಕಲಿತ ವಿದ್ಯಾರ್ಥಿ ಅದೇ ಗ್ರಂಥದಲ್ಲಿ ಗುಣ, ರೀತಿ, ರಸಗಳವರೆಗೆ ನಡೆಯಬಹುದಾಗಿತ್ತು. ಬರಹದ ಶಿಕ್ಷಣವನ್ನು ಒಂದೇ ಗ್ರಂಥದೊಳಗೆ ಇಷ್ಟು ಸಮಗ್ರವಾಗಿ ಯೋಜಿಸಿದ ಪ್ರಯತ್ನ ಹಳಗನ್ನಡದಲ್ಲಿ ಬಹು ವಿರಳ.

ಕೇಶಿರಾಜನು ಹುಟ್ಟಿದ ಮನೆ ಇಂತಹ ಅಭ್ಯಾಸದ ಮನೆಯೇ ಆಗಿತ್ತು. ತಾಯಿಯ ತಂದೆ ಸುಮನೋಬಾಣ, ಸೋದರಮಾವ ‘ಯಶೋಧರಚರಿತೆ’ಯ ಜನ್ನ, ತಂದೆ ಮಲ್ಲಿಕಾರ್ಜುನ. ಈ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ವಿನೋದಕ್ಕಾಗಿ ಸುಮಾರು 1245ರಲ್ಲಿ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಮಾಡಿದನು. ಕಾವ್ಯಗಳಲ್ಲಿ ಬರಬೇಕೆಂದು ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳ ಮೇರೆಗೆ, ಅಂದರೆ ಸಮುದ್ರ, ಪುರ, ಋತು, ಚಂದ್ರೋದಯ, ವನವಿಹಾರ, ಜಲಕ್ರೀಡೆ ಮೊದಲಾದ ವಿಷಯಗಳ ಅಡಿಯಲ್ಲಿ, ಬೇರೆ ಬೇರೆ ಕವಿಗಳ ಪದ್ಯಗಳನ್ನು ಅವನು ಪೋಣಿಸಿದನು. ಹೆಸರಿಗೆ ಇದು ಅರಸನ ವಿನೋದ. ಆದರೆ ಒಂದೇ ಚಂದ್ರೋದಯವನ್ನು ಹಲವು ಕವಿಗಳು ಹೇಗೆ ಕಂಡರೆಂಬುದನ್ನು ಸಾಲಾಗಿ ಓದಿದವನಿಗೆ ಅದು ಬರವಣಿಗೆಯ ಪಾಠಶಾಲೆಯೇ ಆಗುತ್ತದೆ. ಸುಮಾರು 1533ರಲ್ಲಿ ಅಭಿನವವಾದಿ ವಿದ್ಯಾನಂದನು ಸಂಕಲಿಸಿದ ‘ಕಾವ್ಯಸಾರ’ವೂ ಇದೇ ಜಾತಿಯದು. ಸಂಕಲನವನ್ನು ಓದಿ ಬರೆಯುವವನಿಗೆ ವರ್ಣನೆ ಸುಲಭವಾಗುತ್ತದೆ, ಕಥೆಯ ಕಟ್ಟು ಕಷ್ಟವಾಗುತ್ತದೆ. ತುಂಡುಗಳಲ್ಲಿ ಕಲಿತ ಕೈ ತುಂಡುಗಳನ್ನೇ ನೇಯುತ್ತದೆ. ಅನಂತರದ ಕೆಲವು ಚಂಪೂಗಳಲ್ಲಿ ವರ್ಣನೆಗಳು ಕಥೆಯನ್ನು ನುಂಗಿಹಾಕಿದ್ದಕ್ಕೆ ಈ ಬಗೆಯ ಅಭ್ಯಾಸವೂ ಒಂದು ಕಾರಣವಾಗಿರಬಹುದು.

ತಂದೆ ಪದ್ಯಗಳನ್ನು ಕೂಡಿಟ್ಟನು. ಮಗನು ಅಂತಹ ಪದ್ಯಗಳಿಂದ ನಿಯಮವನ್ನು ಹಿಂಡಿ ತೆಗೆದನು. ಶಬ್ದಮಣಿದರ್ಪಣದ ರಚನೆ ಬೋಧಕನೊಬ್ಬನ ಕೈಯದು ಎಂಬುದರಲ್ಲಿ ಸಂದೇಹವಿಲ್ಲ. ಸೂತ್ರವು ಕಂದಪದ್ಯದಲ್ಲಿ, ಅದಕ್ಕೆ ಗದ್ಯದಲ್ಲಿ ತನ್ನದೇ ವೃತ್ತಿ, ಅದರ ಬೆನ್ನಿಗೆ ಪ್ರಯೋಗ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳು ಮುಗಿದ ಮೇಲೆ ‘ಪ್ರಯೋಗಸಾರ’ವೆಂಬ ಭಾಗವಿದೆ.

ಕವಿಗಳ ಕೃತಿಯಿಲ್ಲದೆ ಈ ವ್ಯಾಕರಣ ಹುಟ್ಟುವುದೇ ಸಾಧ್ಯವಿರಲಿಲ್ಲ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಒಂದು ‘ೞ’ಕಾರ. ಪಂಪನ ಕಾಲದಲ್ಲಿ ಜೀವಂತವಾಗಿದ್ದ ಈ ಧ್ವನಿಯು ಕೇಶಿರಾಜನ ಕಾಲಕ್ಕೆ ಕೆಲವೆಡೆ ಳಕಾರದಲ್ಲಿಯೂ ಕೆಲವೆಡೆ ರೇಫದಲ್ಲಿಯೂ ಕರಗಿಹೋಗಿತ್ತು. ಆಡುವ ಬಾಯಿಗೂ ಕೇಳುವ ಕಿವಿಗೂ ಭೇದ ತಿಳಿಯದಾಗಿತ್ತು. ಆದರೆ ಎರಡನೆಯ ಅಕ್ಷರದ ಪ್ರಾಸವನ್ನು ಪಾಲಿಸಬೇಕಾದ ಕವಿಗೆ ಈ ಭೇದ ಅಗತ್ಯ. ಳಕಾರದೊಡನೆ ೞಕಾರವನ್ನು ಪ್ರಾಸಕ್ಕಿಟ್ಟರೆ ಪೂರ್ವಕವಿಗಳ ದಾರಿ ತಪ್ಪಿದಂತಾಗುತ್ತದೆ. ಆದಕಾರಣ ಕೇಶಿರಾಜನು ೞಕಾರವುಳ್ಳ ಶಬ್ದಗಳ ದೊಡ್ಡ ಪಟ್ಟಿಯನ್ನೇ ಕೊಟ್ಟನು. ನಾಲಗೆಯ ಮೇಲೆ ಸತ್ತಿದ್ದ ಅಕ್ಷರಕ್ಕೆ ಹಳೆಯ ಕಾವ್ಯಗಳ ಪ್ರಾಸಸ್ಥಾನವೊಂದೇ ಸಾಕ್ಷಿಯಾಗಿ ಉಳಿದಿತ್ತು. ಇನ್ನೊಂದು ಶಿಥಿಲದ್ವಿತ್ವ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕೆಂಬುದು ಛಂದಸ್ಸಿನ ಸಾಮಾನ್ಯ ನಿಯಮ. ಕನ್ನಡದ ಕೆಲವು ಶಬ್ದಗಳಲ್ಲಿ ಒತ್ತು ತೇಲಿಸಿ ಉಚ್ಚಾರವಾಗುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಇದನ್ನು ನಿಯಮದಿಂದ ಊಹಿಸಲಾಗದು. ಪಾದವನ್ನು ಬಾಯಿಬಿಟ್ಟು ಓದಿ, ಮಾತ್ರೆ ಎಣಿಸಿ, ಕವಿಯು ಅಲ್ಲಿ ಲಘುವನ್ನೇ ಇಟ್ಟಿದ್ದಾನೆಂದು ಕಂಡುಕೊಳ್ಳಬೇಕು. ಶಬ್ದಮಣಿದರ್ಪಣವನ್ನು ಮೌನವಾಗಿ ಓದುವವನಿಗೆ ಅದರ ಅರ್ಧ ಪಾಠ ಸಿಕ್ಕುವುದಿಲ್ಲ.

ಇಲ್ಲಿ ಒಂದು ರಸವತ್ತಾದ ಸಂಗತಿಯಿದೆ. ಹತ್ತು ಕವಿಗಳನ್ನು ಹೆಸರಿಸುವ ಆ ಪದ್ಯದಲ್ಲಿ ಕೇಶಿರಾಜನು ಪೊನ್ನನನ್ನು ಹೊನ್ನನೆಂದೂ ಪಂಪನನ್ನು ಹಂಪನೆಂದೂ ಕರೆದಿದ್ದಾನೆ. ಪಕಾರವು ಹಕಾರವಾಗುವ ಮಾರ್ಪಾಡು ಆಗ ನಡೆದುಹೋಗಿತ್ತು. ಹಳೆಯ ಕವಿಗಳ ಪ್ರಯೋಗವನ್ನು ಕಾಪಾಡಲು ಹೊರಟ ಆಚಾರ್ಯನು ಆ ಕವಿಗಳ ಹೆಸರುಗಳನ್ನೇ ತನ್ನ ಕಾಲದ ನಾಲಗೆಯಿಂದ ಉಚ್ಚರಿಸಿದನು. ಲಕ್ಷ್ಯವನ್ನು ಗೌರವಿಸುವುದೆಂದರೆ ಕಾಲವನ್ನು ತಡೆದು ನಿಲ್ಲಿಸುವುದೆಂದು ಅವನು ಭಾವಿಸಿರಲಿಲ್ಲವೆಂದು ತೋರುತ್ತದೆ.

ಯಾರ ಕೃತಿ ಲಕ್ಷ್ಯವಾಗತಕ್ಕದ್ದು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಕೇಶಿರಾಜನ ಕಾಲಕ್ಕೆ ಕಲ್ಯಾಣದ ಶರಣರು ವಚನಗಳನ್ನು ನುಡಿದು ಒಂದು ಶತಮಾನ ಕಳೆದಿತ್ತು. ಹರಿಹರನು ರಗಳೆಗಳನ್ನೂ ರಾಘವಾಂಕನು ಷಟ್ಪದಿ ಕಾವ್ಯಗಳನ್ನೂ ಬರೆದಿದ್ದರು. ಇವರ ಹೆಸರು ಕೇಶಿರಾಜನ ಪದ್ಯದಲ್ಲಿಲ್ಲ. ಕೇವಲ ಹೆಸರಿಲ್ಲವೆಂಬುದನ್ನೇ ಆಪಾದನೆಯಾಗಿ ಮಾಡುವುದು ನ್ಯಾಯವಲ್ಲ. ರನ್ನನ ಹೆಸರೂ ಅಲ್ಲಿಲ್ಲ, ಸ್ವಂತ ಸೋದರಮಾವನಾದ ಜನ್ನನ ಹೆಸರೂ ಇಲ್ಲ. ಆದರೆ ಹೊಸಬರೆಂಬ ಕಾರಣದಿಂದ ಬಿಟ್ಟನೆನ್ನುವಂತೆಯೂ ಇಲ್ಲ. ಹತ್ತನೆಯವನಾದ ಸುಜನೋತ್ತಂಸನು, ಶ್ರವಣಬೆಳಗೊಳದ ಶಾಸನದಲ್ಲಿರುವ ಗೊಮ್ಮಟಸ್ತುತಿಯನ್ನು ಸುಮಾರು 1180ರಲ್ಲಿ ಬರೆದ ಬೊಪ್ಪಣ ಪಂಡಿತ. ಕೇಶಿರಾಜನಿಗಿಂತ ಎರಡು ಮೂರು ತಲೆಮಾರು ಮಾತ್ರ ಹಿಂದಿನವನು. ನಿಜವಾದ ಗೆರೆ ಕಾಲದ್ದಲ್ಲ, ಮಾರ್ಗದ್ದು. ಪ್ರೌಢ ಚಂಪೂವಿನ ಭಾಷೆಯಲ್ಲಿ ನಡೆದವರು ಲಕ್ಷ್ಯಕ್ಕೆ ಸಲ್ಲುವವರು. ಬೀದಿಯಲ್ಲಿ, ಮನೆಯಲ್ಲಿ, ಕಾಯಕದ ಜಾಗದಲ್ಲಿ ಆಡುವ ಮಾತನ್ನೇ ಅನುಭಾವದ ನುಡಿಯಾಗಿ ಏರಿಸಿದವರು ಆ ಕಣ್ಣಿಗೆ ಬೀಳಲಿಲ್ಲ. ಇದರ ಪರಿಣಾಮ ಅಲ್ಪವಲ್ಲ. ಸಹಜ ಗದ್ಯದ ಅತ್ಯುತ್ತಮ ಮಾದರಿಗಳು ನಾಡಿನಲ್ಲಿದ್ದೂ ಅವು ಬರೆಯಲು ಕಲಿಯುವವನ ಪಠ್ಯವಾಗಲಿಲ್ಲ. ಭಕ್ತರ ನಿತ್ಯಪಾಠವಾಗಿ, ಮಠದ ಓಲೆಕಟ್ಟಾಗಿ ಉಳಿದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ‘ಶೂನ್ಯಸಂಪಾದನೆ’ಯಲ್ಲಿ ಚದುರಿದ ವಚನಗಳನ್ನು ಸಂವಾದವಾಗಿ ಜೋಡಿಸಿದ್ದು ಸಂಪಾದನಕಲೆಯ ದೊಡ್ಡ ಸಾಧನೆ. ಅದರ ಗುರಿ ಷಟ್‍ಸ್ಥಲದ ಬೋಧೆ. ಬರಹದ ಬೋಧೆ ಅದರ ಉದ್ದೇಶವಾಗಿರಲಿಲ್ಲ.

ಚಂಪೂಮಾರ್ಗವನ್ನು ಬಲ್ಲವನೇ ಅದನ್ನು ಬಿಟ್ಟು ಹೊರಟ ನಿದರ್ಶನ ಹರಿಹರನದು. ‘ಗಿರಿಜಾಕಲ್ಯಾಣ’ವನ್ನು ಅವನು ಚಂಪೂವಿನಲ್ಲಿ ಬರೆದನು, ಶರಣರ ಕಥೆಗಳಿಗೆ ಬಂದಾಗ ರಗಳೆಯನ್ನು ಆರಿಸಿದನು. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಕಥೆಯಂತೂ ಗುರುಶಿಷ್ಯರ ನಡುವೆ ಬರಹ ಹೇಗೆ ಹರಿಯುತ್ತದೆ ಎಂಬುದಕ್ಕೆ ಕನ್ನಡದಲ್ಲಿ ದೊರೆಯುವ ಅತ್ಯಂತ ತೀಕ್ಷ್ಣವಾದ ಆಖ್ಯಾನ. ಶಿಷ್ಯನು ಹರಿಶ್ಚಂದ್ರನನ್ನು ಕುರಿತು ಕಾವ್ಯ ಬರೆದುದನ್ನು ಕೇಳಿ, ಶಿವಶರಣರನ್ನು ಬಿಟ್ಟು ಮರ್ತ್ಯನಾದ ಅರಸನನ್ನು ಹಾಡಿದೆಯೆಂದು ಹರಿಹರನು ಕೆರಳಿದನು. ಅವನ ಏಟಿಗೆ ರಾಘವಾಂಕನ ಹಲ್ಲುಗಳು ಉದುರಿದವು. ಮುಂದೆ ಶರಣರ ಚರಿತೆಗಳನ್ನು ಬರೆದಂತೆ ಅವು ಮರಳಿ ಬಂದವು ಎಂಬುದು ಸಂಪ್ರದಾಯದ ಕಥೆ. ಹದಿನೇಳನೆಯ ಶತಮಾನದ ಸಿದ್ಧನಂಜೇಶನು ರಾಘವಾಂಕನ ಚರಿತೆಯನ್ನೇ ಕಾವ್ಯವಾಗಿ ಬರೆಯುವಷ್ಟು ಈ ಕವಿಯ ಬಾಳು ಜನಮನದಲ್ಲಿ ನಿಂತಿತ್ತು. ಕಥೆಯ ಚಾರಿತ್ರಿಕತೆ ಹೇಗಾದರೂ ಇರಲಿ. ಕಣ್ಣಮುಂದಿರುವ ಕೃತಿಗಳು ಹೇಳುವುದೇನು? ಶಿಷ್ಯನು ಗುರುವಿನಿಂದ ಭಕ್ತಿಯ ಆವೇಶವನ್ನು ಪಡೆದನು, ಸಂಭಾಷಣೆಯ ಬಿಸಿಯನ್ನು ಪಡೆದನು. ಗುರುವಿನ ರಗಳೆಯನ್ನು ಮಾತ್ರ ಹಿಡಿಯಲಿಲ್ಲ. ಷಟ್ಪದಿಯನ್ನು ದೀರ್ಘ ಕಥೆಗೆ ಒಗ್ಗಿಸಿ ಮುಂದಿನ ಐದಾರು ಶತಮಾನಗಳ ಕವಿಗಳಿಗೆ ಅದನ್ನು ಹಾದಿಯಾಗಿ ಕೊಟ್ಟನು. ಗುರುವಿಗೆ ಒಪ್ಪಿಗೆಯಾಗದ ‘ಹರಿಶ್ಚಂದ್ರಕಾವ್ಯ’ವೇ ಅವನ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾಯಿತು. ಲೇಖಕನನ್ನು ಕಂಡು ಕಲಿಯುವುದೆಂದರೆ ಅವನಂತೆ ಬರೆಯುವುದೆಂದು ತಿಳಿದಿರುವ ಇಂದಿನ ಕೆಲವು ಉಪಾಧ್ಯಾಯರು ಈ ಸಂಗತಿಯನ್ನು ಗಮನಿಸಬೇಕು.

ಪಂಡಿತರ ಈ ಸಾಧನಗಳು ಸಾಮಾನ್ಯ ಮಕ್ಕಳಿಗೆ ಎಷ್ಟರಮಟ್ಟಿಗೆ ತಲುಪಿದವು? ಇದಕ್ಕೆ ಉತ್ತರ ಕೊಡುವ ಒಂದು ಅಮೂಲ್ಯ ದಾಖಲೆಯಿದೆ. ಮದ್ರಾಸು ಸರ್ಕಾರವು ನಾಡಶಾಲೆಗಳ ಸ್ಥಿತಿಯನ್ನು ವಿಚಾರಿಸಿದಾಗ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟ್‌ನಲ್ಲಿ ವಿವರವಾದ ವರದಿಯನ್ನು ಕಳುಹಿಸಿದನು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು; ಅಂದರೆ ಶಾಲೆಗೆ ಸರಾಸರಿ 12-13 ಮಕ್ಕಳು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಒಂದು ಇಂಗ್ಲಿಷ್ ಶಾಲೆ. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿತ್ತು. ಅನಂತರ ಹಲಗೆ ಅಥವಾ ಕಡತ. ಹಲಗೆಗೆ ಅನ್ನವನ್ನೂ ಇದ್ದಲ ಪುಡಿಯನ್ನೂ ಸವರುತ್ತಿದ್ದರು. ಬಟ್ಟೆಯನ್ನು ಗಂಜಿಯಿಂದ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳ ಲೇಪ ಹಚ್ಚಿದರೆ ಕಡತ ಸಿದ್ಧವಾಗುತ್ತಿತ್ತು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಹೊಸ ಪುಟ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ಲನು ಬಹುವಾಗಿ ಮೆಚ್ಚಿ, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಬರೆದನು.

ಶಾಲೆಗಳಲ್ಲಿ ಓದುತ್ತಿದ್ದ ಗ್ರಂಥಗಳನ್ನೂ ಅವನು ಹೆಸರಿಸಿದ್ದಾನೆ. ರಾಮಾಯಣ, ಮಹಾಭಾರತ, ಭಾಗವತಗಳು ಸಾಮಾನ್ಯ. ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ, ಚೆನ್ನಬಸವಪುರಾಣ, ರಾಘವಾಂಕಕಾವ್ಯ, ಗಿರಿಜಾಕಲ್ಯಾಣ ಮೊದಲಾದವು ಪವಿತ್ರ ಗ್ರಂಥಗಳೆಂದು ಅವನು ಗುರುತಿಸಿದನು. ಹಿಂದೆ ಹೇಳಿದ ಗುರುಶಿಷ್ಯರ ಹೆಸರಿನ ಕೃತಿಗಳು ಆರು ಶತಮಾನಗಳ ಮೇಲೆ ಬಳ್ಳಾರಿ ಸೀಮೆಯ ಹುಡುಗರ ಬಾಯಲ್ಲಿದ್ದುದು ಆಶ್ಚರ್ಯಕರ. ಆದರೆ ಕ್ಯಾಂಬೆಲ್ಲನ ಟೀಕೆ ಕಟುವಾಗಿದೆ. ಈ ಕಾವ್ಯಗಳ ಭಾಷೆ ಆಡುಭಾಷೆಯಿಂದ ದೂರವಾದುದು. ಹುಡುಗರು ಸಾಲುಸಾಲಾಗಿ ಪದ್ಯಗಳನ್ನು ಒಪ್ಪಿಸುತ್ತಾರೆ, ಅರ್ಥದ ಅರಿವು ಗಿಣಿಗಿರುವಷ್ಟೇ ಎಂದು ಅವನ ಅಭಿಪ್ರಾಯ. ಭಾಷೆಯನ್ನು ತಿದ್ದಿ ವಿಸ್ತರಿಸುವ ನಿಘಂಟು ವ್ಯಾಕರಣಗಳ ಪಟ್ಟಿಯನ್ನು ಅವನು ಬೇರೆ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಅಮರಕೋಶದೊಡನೆ ಶಬ್ದಮಣಿದರ್ಪಣದ ಹೆಸರಿದೆ. ಹೆಸರಿದ್ದರೂ, ಉಪಾಧ್ಯಾಯರ ಬಡತನದಿಂದಾಗಿ ಬಹುಪಾಲು ಶಾಲೆಗಳಲ್ಲಿ ಈ ಬಗೆಯ ಒಂದು ಗ್ರಂಥವೂ ಕಾಣಸಿಗದೆಂದು ಅವನು ವರದಿಮಾಡಿದನು.

ಗಿಣಿಪಾಠವೆಂಬ ಮಾತನ್ನು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಬಾಲ್ಯದಲ್ಲಿ ಕಂಠಸ್ಥವಾದ ಷಟ್ಪದಿ ಅರ್ಥವಾಗುವುದು ಹಲವು ಸಲ ಇಪ್ಪತ್ತು ವರ್ಷಗಳ ಮೇಲೆ. ಪುರಾಣ ಹೇಳುವ ಶಾಸ್ತ್ರಿಗಳ ಬಳಿ, ಗಮಕಿಯ ಎದುರಿನಲ್ಲಿ ಆ ಅರ್ಥ ತೆರೆದುಕೊಳ್ಳುತ್ತಿತ್ತು. ಶಾಲೆಯ ಒಳಗನ್ನು ನೋಡಿದ ಕಲೆಕ್ಟರನಿಗೆ ಹೊರಗಿನ ಆ ಶಾಲೆ ಕಾಣಿಸಲಿಲ್ಲ. ಆದರೂ ಅವನು ಮುಟ್ಟಿದ ಹುಣ್ಣು ನಿಜವಾದುದೇ. ಕೇಶಿರಾಜನು ಹೆಣೆದಿದ್ದ ಲಕ್ಷ್ಯ ಲಕ್ಷಣಗಳ ಜೋಡಿ ಅಲ್ಲಿ ಬೇರ್ಪಟ್ಟಿತ್ತು. ಕಾವ್ಯವಿತ್ತು, ಅದನ್ನು ಬಿಡಿಸಿ ತೋರಿಸುವ ಗ್ರಂಥವಿರಲಿಲ್ಲ. ಕಡತದ ಮೇಲಿನ ಬರಹವು ಲೆಕ್ಕ, ಪತ್ರ, ಮುಚ್ಚಳಿಕೆಗಳ ಕಡೆ ತಿರುಗಿತು. ಬಾಯಲ್ಲಿದ್ದ ಕಾವ್ಯಕ್ಕೂ ಕೈಯಲ್ಲಿದ್ದ ಬಳಪಕ್ಕೂ ಸಂಬಂಧ ತಪ್ಪಿತು. 1604ರಲ್ಲಿ ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದು, ಕನ್ನಡ ಕವಿಗಳನ್ನು ಉದಾಹರಿಸಿ ಭಾಷೆಯ ಘನತೆಯನ್ನು ಸ್ಥಾಪಿಸಿದ್ದನು. ಪಂಡಿತಸಭೆಯಲ್ಲಿ ಅದು ವಿಜಯ. ಮರಳಿನ ಮೇಲೆ ತೀಡುವ ಹುಡುಗನಿಗೆ ಅದರಿಂದಾದ ಲಾಭ ಸ್ವಲ್ಪ.

ಅಚ್ಚಿನ ಯುಗ ಬಂದ ಮೇಲೆ ಬೇರ್ಪಟ್ಟವು ಮತ್ತೆ ಹತ್ತಿರ ಬಂದವು. ಬಾಸೆಲ್ ಮಿಷನ್ನಿನ ಮೊಗ್ಲಿಂಗನು 1848ರಿಂದ ಹಳೆಯ ಕೃತಿಗಳನ್ನು ಕಲ್ಲಚ್ಚಿನಲ್ಲಿ ಹೊರತಂದನು. ಕಿಟ್ಟೆಲ್ಲನು 1872ರಲ್ಲಿ ಶಬ್ದಮಣಿದರ್ಪಣವನ್ನು ವ್ಯಾಖ್ಯಾನಸಹಿತವಾಗಿಯೂ 1875ರಲ್ಲಿ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಪ್ರಕಟಿಸಿದನು. 1898ರಲ್ಲಿ ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಸಂಪಾದಿಸಿ ಬೆಳಕಿಗೆ ತಂದರು. ಮೈಸೂರಿನ ‘ಕಾವ್ಯಮಂಜರಿ’ಯಂತಹ ಮಾಸಪತ್ರಿಕೆಗಳು ಪ್ರಾಚೀನ ಕಾವ್ಯಗಳನ್ನು ಕಂತುಕಂತಾಗಿ ಅಚ್ಚುಹಾಕಿ ಊರೂರಿಗೆ ಅಂಚೆಯಲ್ಲಿ ಕಳುಹಿಸಿದವು. ಆ ಕಂತುಗಳನ್ನು ಓದಿ ಬರೆಯಲು ಕಲಿತವರಲ್ಲಿ ಉಡುಪಿಯ ವ್ಯಾಯಾಮದ ಉಪಾಧ್ಯಾಯರೊಬ್ಬರಿದ್ದರು. ನಂದಳಿಕೆ ಲಕ್ಷ್ಮೀನಾರಣಪ್ಪನವರು, ಅಂದರೆ ಮುದ್ದಣ, 1901ರಲ್ಲಿ ತೀರಿಕೊಳ್ಳುವ ಮೊದಲು ಬರೆದ ‘ರಾಮಾಶ್ವಮೇಧ’ವು ಹಳಗನ್ನಡ ಗದ್ಯದಲ್ಲಿದೆ. ಅವರು ತಮ್ಮ ಹೆಸರನ್ನು ಮರೆಮಾಡಿ ಕೃತಿಗಳನ್ನು ಪ್ರಕಟಣೆಗೆ ಕಳುಹಿಸಿದಾಗ ಅವು ಹಳೆಯ ಕವಿಯದೆಂದೇ ನಂಬಿಕೆ ಹುಟ್ಟಿತು. ಲಕ್ಷ್ಯದ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಆದರೆ ಕವಿರಾಜಮಾರ್ಗಕಾರನ ಎಚ್ಚರಿಕೆಯನ್ನು ನೆನೆದರೆ ಪ್ರಶ್ನೆ ಬೇರೆಯಾಗುತ್ತದೆ: ಸಾವಿರ ವರ್ಷದ ಹಿಂದಿನ ನುಡಿಯನ್ನು ತಂದದ್ದು ವಿರಸವಾಗಲಿಲ್ಲವೇಕೆ? ಉತ್ತರ ಮನೋರಮೆಯಲ್ಲಿದೆ. ಕಥೆಗಾರನ ಮಾತು ಸಂಸ್ಕೃತದಿಂದ ಬಿಗಿಯಾದಾಗ ಅವಳು ತಡೆಯುತ್ತಾಳೆ, ತಿಳಿಗನ್ನಡದಲ್ಲಿ ಹೇಳೆನ್ನುತ್ತಾಳೆ, ನಗುತ್ತಾಳೆ, ಕೆಣಕುತ್ತಾಳೆ. ಛಂದೋಂಬುಧಿಯಲ್ಲಿ ನಾಗವರ್ಮನ ಮಡದಿ ಕೇಳುತ್ತ ಕುಳಿತಿದ್ದಳು. ಇಲ್ಲಿ ಮುದ್ದಣನ ಮಡದಿ ತಿದ್ದುತ್ತ ಕುಳಿತಿದ್ದಾಳೆ. ಮುದ್ದಣನ ಅನುಕರಣ ಸಜೀವವಾದುದು ಈ ಕೇಳುಗಳಿಂದ. ಅವರ ಶೈಲಿಯನ್ನು ಮಾತ್ರ ಅನುಕರಿಸಿ ಮನೋರಮೆಯನ್ನು ಬಿಟ್ಟವರ ಗದ್ಯ ಇಂದು ಯಾರಿಗೂ ನೆನಪಿಲ್ಲ.

ಕೇಶಿರಾಜನ ದರ್ಪಣದಲ್ಲಿ ಮೂಡದಿದ್ದ ಮುಖ ಇಪ್ಪತ್ತನೆಯ ಶತಮಾನದಲ್ಲಿ ಕಾಣಿಸಿಕೊಂಡಿತು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯ ಹೂಡಲು ಸ್ವಂತ ಮನೆಯನ್ನು ಮಾರಿದರು. ಅದೇ ಕಾಲದಲ್ಲಿ, 1927ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಕುವೆಂಪು ಇದ್ದರು, ಡಿ. ಎಲ್. ನರಸಿಂಹಾಚಾರ್ಯರಿದ್ದರು, ಒಬ್ಬರು ಕವಿಯಾದರು, ಇನ್ನೊಬ್ಬರು ಮುಂದೆ ಶಬ್ದಮಣಿದರ್ಪಣವನ್ನು ವಿದ್ಯಾರ್ಥಿಗಳಿಗಾಗಿ ಸಂಪಾದಿಸಿದರು. ಚಂಪೂವೂ ವಚನವೂ ಒಂದೇ ವಿದ್ಯಾರ್ಥಿಯ ಮೇಜಿನ ಮೇಲೆ ಬರುವ ಕಾಲ ಹೀಗೆ ಒದಗಿತು. ಸಣ್ಣ ವಾಕ್ಯ, ನೇರ ಸಂಬೋಧನೆ, ದಿನಬಳಕೆಯ ಉಪಮೆ ಇವು ಪ್ರೌಢ ಬರಹಕ್ಕೆ ಸಲ್ಲುತ್ತವೆ ಎಂದು ವಾದಿಸಬೇಕಾಗಿಯೇ ಇರಲಿಲ್ಲ. ವಚನದ ಪುಟವನ್ನು ತೆರೆದಿಟ್ಟರೆ ಸಾಕಾಗಿತ್ತು. ಬಂದ ಸಾಧನ ತರಗತಿಯಲ್ಲಿ ಹೇಗೆ ಬಳಕೆಯಾಯಿತೆಂಬುದು ಅಷ್ಟು ಸಂತೋಷದ ಸಂಗತಿಯಲ್ಲ. ಪರೀಕ್ಷೆಯ ಸಂದರ್ಭಸೂಚನೆ, ಶಬ್ದಾರ್ಥ, ಸಾರಾಂಶಗಳಿಗೆ ಪದ್ಯಭಾಗವನ್ನೂ, ಪ್ರಬಂಧಕ್ಕೆ ಬೇರೊಂದು ಗಂಟೆಯನ್ನೂ ಇಟ್ಟಾಗ 1823ರ ಶಾಲೆಯ ಬಿರುಕೇ ಹೊಸ ಕಟ್ಟಡದಲ್ಲಿ ಕಾಣಿಸಿತು. ದೋಷದ ಪದ್ಯವನ್ನೂ ತಿದ್ದಿದ ಪದ್ಯವನ್ನೂ ಒಟ್ಟಿಗೆ ಇಟ್ಟು ಓದಿಸುವ ಒಂಬತ್ತನೆಯ ಶತಮಾನದ ಉಪಾಯಕ್ಕೆ ಪಠ್ಯಪುಸ್ತಕಗಳಲ್ಲಿ ದೊರೆತ ಎಡೆ ಅತ್ಯಲ್ಪ.

ಕೇಶಿರಾಜನು ಕವಿಯೂ ಆಗಿದ್ದನು. ‘ಚೋಳಪಾಲಕಚರಿತ’, ‘ಚಿತ್ರಮಾಲೆ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಎಂಬ ತನ್ನ ಐದು ಕೃತಿಗಳ ಹೆಸರನ್ನು ಅವನೇ ಹೇಳಿಕೊಂಡಿದ್ದಾನೆ. ಐದರಲ್ಲಿ ಒಂದೂ ಉಳಿದಿಲ್ಲ. ಅವನು ಲಕ್ಷ್ಯವೆಂದು ಕರೆದ ಹತ್ತು ಮಂದಿಯಲ್ಲಿಯೂ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕೃತಿಗಳು ದೊರೆತಿಲ್ಲ. ಅಸಗನ ಕನ್ನಡ ಕಾವ್ಯ ಅಳಿದುಹೋಗಿದೆ. ಒಂದನೆಯ ಗುಣವರ್ಮನ ‘ಶೂದ್ರಕ’ದ ಪದ್ಯಗಳು ಕೇಶಿರಾಜನ ತಂದೆಯ ಸಂಕಲನದಂತಹ ಕಡೆಗಳಲ್ಲಿ ಮಾತ್ರ ಸಿಕ್ಕುತ್ತವೆ. ಕಿಟ್ಟೆಲ್ಲನು 1894ರಲ್ಲಿ ತನ್ನ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಹಳೆಯ ಶಬ್ದಗಳಿಗೆ ಆಧಾರವಾಗಿ ಶಬ್ದಮಣಿದರ್ಪಣವನ್ನು ಪುಟಪುಟಕ್ಕೂ ಸೂಚಿಸಿದನು. ಆ ಸೂಚನೆಗಳ ಹಿಂದಿರುವ ಸಾಲುಗಳಲ್ಲಿ ಯಾವುದು ಯಾವ ಕವಿಯದೆಂದು ಹೇಳುವ ಕಾವ್ಯಗಳು ಬಹುಮಟ್ಟಿಗೆ ಇಲ್ಲವಾಗಿವೆ. ವಿದ್ಯಾರ್ಥಿಗೆಂದು ಆರಿಸಿದ ಸಾಲುಗಳಷ್ಟೇ ಉಳಿದುಬಂದಿವೆ.